ಗುಬ್ಬಿ–ಕುಣಿಗಲ್ ಸೀಮೆ: ನೆಲ, ಚರಿತ್ರೆ ಮತ್ತು ಜನಸಂಖ್ಯೆ

ಗುಬ್ಬಿ ತಾಲ್ಲೂಕಿನ ಕಡಬ ಗ್ರಾಮದಲ್ಲಿ ದೊರೆತ, ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಗೋವಿಂದನ ಕಾಲದ ತಾಮ್ರಶಾಸನವು ಕರ್ನಾಟಕದ ಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಪರಿಚಿತವಾದುದು. ಶಕವರ್ಷ ೭೩೫ರ, ಎಂದರೆ ಕ್ರಿ.ಶ. ೮೧೨–೧೩ರ ಈ ಶಾಸನವು ಶಿಲಾಗ್ರಾಮದ ಜಿನಾಲಯಕ್ಕೆ ಜಾಲಮಂಗಲವೆಂಬ ಊರನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ತಿಳಿಸುತ್ತದೆ. ಗಂಗಮಂಡಲದ ಅಧಿಪತಿಯಾಗಿದ್ದ ಚಾಕಿರಾಜನ ವಿಜ್ಞಾಪನೆಯಂತೆ ಈ ದಾನ ನಡೆಯಿತು. ಅವನ ಸೋದರಳಿಯನೂ ಚಾಲುಕ್ಯವಂಶದವನೂ ಆದ ವಿಮಲಾದಿತ್ಯನಿಗೆ ಒದಗಿದ್ದ ಶನಿಪೀಡೆಯನ್ನು ಅರ್ಕಕೀರ್ತಿಮುನಿಯು ಪರಿಹರಿಸಿದನೆಂಬುದೇ ದಾನಕ್ಕೆ ಕಾರಣ. ಆ ವಿಮಲಾದಿತ್ಯನು ಆಳುತ್ತಿದ್ದ ನಾಡಿನ ಹೆಸರು ‘ಕುನುಂಗಿಲ್ ದೇಶ’. ಇದೇ ಇಂದಿನ ಕುಣಿಗಲ್ ಸೀಮೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಗುಬ್ಬಿಯ ನೆಲದಲ್ಲಿ ದೊರೆತ ಶಾಸನವೊಂದರಲ್ಲಿ ಕುಣಿಗಲಿನ ಅರಸನ ವೃತ್ತಾಂತವಿದೆ. ಈ ಎರಡು ಸೀಮೆಗಳನ್ನು ಒಟ್ಟಿಗೆ ಇಟ್ಟು ನೋಡಲು ನಮಗೆ ಪ್ರೇರಣೆಯಾದುದು ಈ ಶಾಸನವೇ.

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಗುಬ್ಬಿಯೂ ಕುಣಿಗಲೂ ಎರಡು. ಗುಬ್ಬಿ ಪಟ್ಟಣವು ತುಮಕೂರು ನಗರದಿಂದ ಪಶ್ಚಿಮಕ್ಕೆ ಸುಮಾರು ೨೦ ಕಿಲೋಮೀಟರ್ ದೂರದಲ್ಲಿದ್ದರೆ ಕುಣಿಗಲ್ ಪಟ್ಟಣವು ದಕ್ಷಿಣಕ್ಕೆ ಅದರ ಎರಡರಷ್ಟು ದೂರದಲ್ಲಿ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ ಇದೆ. ಒಂದೇ ಜಿಲ್ಲೆಗೆ ಸೇರಿದ್ದರೂ ಇವೆರಡರ ನಂಟನ್ನು ಜಿಲ್ಲೆಯ ಗೆರೆ ನಿರ್ಧರಿಸಿಲ್ಲ, ನೀರಿನ ಗೆರೆ ನಿರ್ಧರಿಸಿದೆ. ಈ ನಾಡಿನ ಭೂಲಕ್ಷಣ, ಚರಿತ್ರೆ, ಜನಸಂಖ್ಯೆ ಎಂಬ ಮೂರು ವಿಷಯಗಳನ್ನೂ ಆ ನೀರಿನ ಗೆರೆಯನ್ನು ಹಿಡಿದು ವಿವರಿಸುವುದು ಈ ಲೇಖನದ ಉದ್ದೇಶ.

೧. ನೆಲ ಮತ್ತು ನೀರು

ತುಮಕೂರಿಗೆ ಸಮೀಪದ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕನ್ನು ಹಾಯ್ದು, ಕಡಬದ ದೊಡ್ಡ ಕೆರೆಯನ್ನು ತುಂಬಿ, ತುರುವೇಕೆರೆಯ ಸೀಮೆಯನ್ನು ದಾಟಿ ಕುಣಿಗಲ್ ತಾಲ್ಲೂಕನ್ನು ಪ್ರವೇಶಿಸುತ್ತದೆ. ಅಲ್ಲಿ ಮಾರ್ಕೋನಹಳ್ಳಿಯ ಜಲಾಶಯದಲ್ಲಿ ನಿಂತು, ಮುಂದೆ ಮಂಡ್ಯ ಜಿಲ್ಲೆಯಲ್ಲಿ ಹರಿದು, ಕೊನೆಗೆ ಕಾವೇರಿಯನ್ನು ಸೇರುತ್ತದೆ. ಇದನ್ನು ಕದಂಬಾ ನದಿಯೆಂದು ಕರೆಯುವುದೂ ಉಂಟು. ಕಡಬದ ಕೆರೆಯನ್ನು ಶ್ರೀರಾಮನ ಹೆಸರಿನೊಡನೆಯೂ ಕದಂಬ ಋಷಿಯ ಆಶ್ರಮದೊಡನೆಯೂ ಜೋಡಿಸುವ ಐತಿಹ್ಯವು ಆ ಭಾಗದಲ್ಲಿ ಪ್ರಚಾರದಲ್ಲಿದೆ. ಐತಿಹ್ಯವನ್ನು ಚರಿತ್ರೆಯೆಂದು ಎಣಿಸಲಾಗದು. ಆದರೆ ಒಂದು ಕೆರೆಯ ಏರಿಗೆ ಜನರು ಇಷ್ಟು ದೊಡ್ಡ ಹೆಸರನ್ನು ಕಟ್ಟಿರುವುದು ಆ ಕೆರೆಯು ಅವರ ಬಾಳಿನಲ್ಲಿ ಪಡೆದಿದ್ದ ಸ್ಥಾನವನ್ನು ಸೂಚಿಸುತ್ತದೆ.

ಈ ಪ್ರದೇಶವು ಮಲೆನಾಡಿನ ಮಳೆಯ ಮರೆಯಲ್ಲಿರುವ ಬಯಲುಸೀಮೆ. ವರ್ಷದ ಮಳೆಯು ಸಾಮಾನ್ಯವಾಗಿ ೭೦೦ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಕೆಲವೇ ದಿನಗಳಲ್ಲಿ ಸುರಿಯುವ ಈ ನೀರನ್ನು ಹಿಡಿದಿಟ್ಟುಕೊಂಡರೆ ಬೇಸಾಯ, ಬಿಟ್ಟರೆ ಬರ. ಆದುದರಿಂದ ಪ್ರತಿಯೊಂದು ತಗ್ಗಿಗೂ ಒಂದು ಏರಿ, ಪ್ರತಿಯೊಂದು ಏರಿಗೂ ಒಂದು ತೂಬು ಮತ್ತು ಒಂದು ಕೋಡಿ ಎಂಬ ವ್ಯವಸ್ಥೆಯು ಇಲ್ಲಿ ಬಹು ಹಿಂದಿನಿಂದ ಬೆಳೆದುಬಂದಿತು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನ ಕೆರೆಗೆ ಹೋಗುವುದು ಈ ಸರಣಿಯ ಧರ್ಮ. ತೂಬನ್ನು ಎತ್ತುವ, ಗದ್ದೆಗದ್ದೆಗೂ ನೀರನ್ನು ಹಂಚುವ ಹೊಣೆ ನೀರುಗಂಟಿಯದು. ಮೇಲಿನ ಊರಿನವರು ಕೋಡಿಯನ್ನು ಎತ್ತರಿಸಿಕೊಂಡರೆ ಕೆಳಗಿನ ಊರು ಒಣಗುತ್ತದೆ. ಈ ಕಾರಣದಿಂದ ಕೋಡಿಯ ಎತ್ತರವೆಂಬುದು ಕೇವಲ ಕಟ್ಟಡದ ಅಳತೆಯಾಗಿರಲಿಲ್ಲ, ಊರೂರುಗಳ ನಡುವಣ ಒಡಂಬಡಿಕೆಯಾಗಿತ್ತು.

ಗುಬ್ಬಿ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ ಚಿಕ್ಕನಾಯಕನಹಳ್ಳಿಯ ಕಡೆಯಿಂದ ಬರುವ ಪದರಗಲ್ಲಿನ ಬೆಟ್ಟಸಾಲಿದೆ. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳು ಅಲ್ಲಿ ದೊರೆಯುತ್ತವೆ. ಕುಣಿಗಲಿನ ದಕ್ಷಿಣಕ್ಕೆ ಹುಲಿಯೂರುದುರ್ಗ, ಹುತ್ರಿದುರ್ಗಗಳೆಂಬ ಬೋಳು ಹೆಬ್ಬಂಡೆಗಳು ಎದ್ದುನಿಂತಿವೆ. ನಡುವಣ ಬಯಲಿನಲ್ಲಿ ರಾಗಿಯೇ ಮುಖ್ಯ ಬೆಳೆ. ಕೆರೆಯ ಹಿಂದಣ ತೇವದ ನೆಲದಲ್ಲಿ ಭತ್ತ, ತೆಂಗು, ಅಡಕೆ. ಗುಬ್ಬಿಯ ಕಡೆ ತೋಟಗಳು ಹೆಚ್ಚು. ಚೇಳೂರು ಹೋಬಳಿಯ ಹಲಸು ದೂರದ ಪೇಟೆಗಳಿಗೂ ಹೋಗುತ್ತದೆ. ಕುಣಿಗಲಿನ ದೊಡ್ಡಕೆರೆಯ ಕೀರ್ತಿಯನ್ನಂತೂ ನಾವು ವಿವರಿಸಬೇಕಾಗಿಲ್ಲ. ಅದನ್ನು ಕುರಿತ ಜನಪದಗೀತೆಯನ್ನು ಕೇಳದ ಕನ್ನಡಿಗರು ವಿರಳ. ಒಂದು ಊರಿನ ಕೆರೆಯು ಇಡೀ ನಾಡಿನ ಬಾಯಿಯಲ್ಲಿ ಹಾಡಾಗಿ ನೆಲೆಸಿರುವುದಕ್ಕೆ ಇದಕ್ಕಿಂತ ಪ್ರಸಿದ್ಧವಾದ ನಿದರ್ಶನ ನಮಗೆ ತಿಳಿಯದು.

೨. ಚರಿತ್ರೆ

ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳು ಸಂಗ್ರಹಗೊಂಡಿವೆ. ಅವುಗಳ ಸಹಾಯದಿಂದ ಈ ನಾಡು ಗಂಗರು, ರಾಷ್ಟ್ರಕೂಟರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಇವರ ಕಾಲಗಳಲ್ಲಿ ಕಂಡ ಬದಲಾವಣೆಗಳನ್ನು ಸ್ಥೂಲವಾಗಿ ಗುರುತಿಸಬಹುದು. ದೊಡ್ಡ ರಾಜಧಾನಿಯೊಂದೂ ಇಲ್ಲಿ ಸ್ಥಿರವಾಗಿ ನಿಲ್ಲಲಿಲ್ಲ. ಗಂಗವಾಡಿ ಮತ್ತು ನೊಳಂಬವಾಡಿಗಳ ನಡುವಣ ಎಡೆನಾಡಾಗಿ ಇದು ಉಳಿಯಿತು. ಗಂಗಡಿಕಾರ ಒಕ್ಕಲಿಗರ ಹೆಸರು ಗಂಗವಾಡಿಯಿಂದಲೂ ನೊಣಬರ ಹೆಸರು ನೊಳಂಬವಾಡಿಯಿಂದಲೂ ಬಂದಿತೆಂಬ ಅಭಿಪ್ರಾಯವನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಇಂದಿಗೂ ಗುಬ್ಬಿಯ ಕಡೆಯಲ್ಲಿ ನೊಣಬರೂ ಕುಣಿಗಲಿನ ಕಡೆಯಲ್ಲಿ ಗಂಗಡಿಕಾರರೂ ಹೆಚ್ಚಾಗಿ ಕಾಣಬರುವುದನ್ನು ನೋಡಿದರೆ, ಸಾವಿರ ವರ್ಷಗಳ ಹಿಂದಿನ ನಾಡಿನ ಗಡಿಯು ಭೂಪಟದಿಂದ ಅಳಿಸಿಹೋದರೂ ಜನರ ಹೆಸರಿನಲ್ಲಿ ಉಳಿದುಕೊಂಡಿದೆಯೆನ್ನಬಹುದು.

ಈ ನಾಡು ಹಲವು ಮತಗಳ ಆಶ್ರಯಸ್ಥಾನವೂ ಆಗಿತ್ತು. ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ, ಹೊಯ್ಸಳ ಶೈಲಿಯ ಬಸದಿಯಿದೆ. ಕಡಬವು ಶ್ರೀವೈಷ್ಣವರ ನೆಲೆಯಾಗಿತ್ತು. ವೀರಶೈವ ಪರಂಪರೆಯಲ್ಲಿ ಮಹತ್ತ್ವದ ಸ್ಥಾನವನ್ನು ಪಡೆದಿರುವ ತೋಂಟದ ಸಿದ್ಧಲಿಂಗರು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದುದರಿಂದಲೇ ‘ತೋಂಟದ’ ಎಂಬ ವಿಶೇಷಣವನ್ನು ಪಡೆದರೆಂಬುದು ಪ್ರತೀತಿ. ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದ ಅವರ ಸಮಾಧಿಯು ಎಡೆಯೂರಿನಲ್ಲಿದೆ. ಹೆಚ್ಚುಕಡಮೆ ಅದೇ ಯುಗದಲ್ಲಿ ಗುಬ್ಬಿಯ ಮಲ್ಲಣಾರ್ಯನು ೧೫೧೩ರಲ್ಲಿ ‘ಭಾವಚಿಂತಾರತ್ನ’ವನ್ನೂ ೧೫೩೦ರಲ್ಲಿ ‘ವೀರಶೈವಾಮೃತ ಮಹಾಪುರಾಣ’ವನ್ನೂ ರಚಿಸಿದನು. ವಿಜಯನಗರದ ವೈಭವವು ದೂರದ ಹಂಪೆಯಲ್ಲಿದ್ದಾಗ ಈ ಚಿಕ್ಕ ಊರುಗಳಲ್ಲಿ ಇಷ್ಟು ವಿದ್ವತ್ತು ನೆಲೆಸಿತ್ತೆಂಬುದು ಗಮನಾರ್ಹ.

ವಿಜಯನಗರದ ಪತನಾನಂತರ ನಾಡು ಪಾಳೆಯಗಾರರ ಪಾಲಾಯಿತು. ಗುಬ್ಬಿಯ ಕಡೆಯಲ್ಲಿ ಹಾಗಲವಾಡಿ ಮತ್ತು ಹೊಸಹಳ್ಳಿಯ ನಾಯಕರೂ, ಕುಣಿಗಲಿನ ದಕ್ಷಿಣದ ದುರ್ಗಗಳಲ್ಲಿ ಮಾಗಡಿಯ ಕೆಂಪೇಗೌಡನ ವಂಶಸ್ಥರೂ ಪ್ರಬಲರಾಗಿದ್ದರು. ೧೬೮೭ರಲ್ಲಿ ಮೊಗಲರು ಉತ್ತರದ ಶಿರಾವನ್ನು ತಮ್ಮ ಪ್ರಾಂತದ ರಾಜಧಾನಿಯನ್ನಾಗಿ ಮಾಡಿಕೊಂಡರು. ೧೭೨೮ರಲ್ಲಿ ಮಾಗಡಿಯು ಮೈಸೂರಿನ ವಶವಾದಾಗ ಕೆಂಪೇಗೌಡರ ದುರ್ಗಗಳೂ ಮೈಸೂರಿಗೆ ಸೇರಿದುವು. ೧೭೯೧ರ ಡಿಸೆಂಬರಿನಲ್ಲಿ, ಟಿಪ್ಪು ಸುಲ್ತಾನನೊಡನೆ ನಡೆದ ಮೂರನೆಯ ಯುದ್ಧದ ಕಾಲದಲ್ಲಿ, ಸಾವನದುರ್ಗದ ಬೆನ್ನಿಗೇ ಹುತ್ರಿದುರ್ಗವನ್ನೂ ಬ್ರಿಟಿಷರು ಹಿಡಿದರು.

ಮೈಸೂರಿನ ಆಳಿಕೆಯು ಈ ನೆಲದ ಉಪಯೋಗದಲ್ಲಿ ಮಾಡಿದ ಒಂದು ಮಾರ್ಪಾಡು ಇಲ್ಲಿ ಮುಖ್ಯ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. ಸೈನ್ಯದ ತೋಪುಗಳನ್ನೂ ಸಾಮಾನುಗಳನ್ನೂ ಎಳೆಯುವ ಎತ್ತುಗಳ ಸಲುವಾಗಿ ಬಯಲುಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಕಾದಿರಿಸಲಾಯಿತು. ಇವುಗಳಿಗೆ ಕಾವಲುಗಳೆಂದು ಹೆಸರು. ಕುಣಿಗಲಿನ ಕುದುರೆಫಾರಂ ಕೂಡ ಟಿಪ್ಪುವಿನ ಕಾಲದಿಂದ ಬಂದುದೆಂದು ಹೇಳುವರು. ಯುದ್ಧಕ್ಕೆ ಕುದುರೆಗಳನ್ನು ಬೆಳೆಸಿದ ಆ ಸ್ಥಳವು ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಹೀಗೆ ಕೆರೆಯ ಹಿಂದಣ ನೆಲವು ರೈತನಿಗೂ ಕೆರೆಯ ಮೇಲಣ ನೆಲವು ದನಕುದುರೆಗಳಿಗೂ ಎಂಬ ಹಂಚಿಕೆಯು ರೂಢವಾಯಿತು.

೩. ದಾರಿಗಳು

ಗುಬ್ಬಿಯು ಹಳೆಯ ಕಾಲದಿಂದಲೂ ವರ್ತಕರ ಊರು. ನಗರದ ಮಲೆನಾಡಿನ ಅಡಕೆಯು ಪೂರ್ವದ ವಾಲಾಜಾಪೇಟೆ ಮುಂತಾದ ಪೇಟೆಗಳಿಗೆ ಹೋಗುವಾಗ ನಡುವೆ ತಂಗುತ್ತಿದ್ದುದು ಗುಬ್ಬಿಯಲ್ಲಿ. ೧೮೦೦ರಲ್ಲಿ ಮೈಸೂರು ದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪೇಟೆಯನ್ನು ಕಂಡು ಬರೆದಿದ್ದಾನೆ. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಗೆ ರೈಲುದಾರಿ ಬಂದಿತು. ೧೮೮೯ರ ವೇಳೆಗೆ ಅದು ಹರಿಹರವನ್ನು ಮುಟ್ಟಿತು. ಅದೇ ೧೮೮೪ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. ರೈಲೇ ನಾಟಕಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಪರದೆ, ಉಡುಪು, ನಟವರ್ಗಗಳನ್ನು ಹೊತ್ತು ಊರಿಂದೂರಿಗೆ ಸಂಚರಿಸುವ ಮಂಡಲಿಗೆ ವರ್ತಕರ ಊರಿನ ಆಶ್ರಯವೂ ರೈಲಿನ ಅನುಕೂಲವೂ ಒದಗಿದುದು ಸಾಮಾನ್ಯ ಸಂಗತಿಯಲ್ಲ. ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಆ ಮಂಡಲಿಯು ಈ ಪುಟ್ಟ ಪಟ್ಟಣದ ಹೆಸರನ್ನು ಕನ್ನಡನಾಡಿನ ಮೂಲೆಮೂಲೆಗೂ ಒಯ್ದಿತು.

ಕುಣಿಗಲಿಗೆ ರೈಲು ಬಂದುದು ೨೦೧೭ರಲ್ಲಿ, ಬೆಂಗಳೂರು–ಹಾಸನ ಮಾರ್ಗವು ಪೂರ್ಣವಾದಾಗ. ಗುಬ್ಬಿಗೂ ಕುಣಿಗಲಿಗೂ ನಡುವೆ ಈ ವಿಷಯದಲ್ಲಿ ೧೩೩ ವರ್ಷಗಳ ಅಂತರ! ಆದರೂ ಕುಣಿಗಲಿನ ಜನರು ಬೆಂಗಳೂರಿಗೆ ಹೋಗಲು ರೈಲಿಗಾಗಿ ಕಾದಿರಲಿಲ್ಲ. ಹೆದ್ದಾರಿಯಲ್ಲಿ ಸುಮಾರು ೭೦ ಕಿಲೋಮೀಟರ್ ಕ್ರಮಿಸಿದರೆ ಬೆಂಗಳೂರು. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕುಣಿಗಲ್ ವಿಧಾನಸಭಾ ಕ್ಷೇತ್ರವು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿತು, ಗುಬ್ಬಿಯು ತುಮಕೂರು ಕ್ಷೇತ್ರದಲ್ಲಿ ಉಳಿಯಿತು. ಜಿಲ್ಲಾ ಕಚೇರಿಯ ಕೆಲಸಕ್ಕೆ ತುಮಕೂರು, ಜೀವನೋಪಾಯಕ್ಕೆ ಬೆಂಗಳೂರು ಎಂಬುದು ಕುಣಿಗಲಿನ ಎರಡುಮುಖದ ಬಾಳು.

೪. ಜನಸಂಖ್ಯೆ

ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ನಡುವೆ ಬಂದುದು ೧೮೭೬–೭೮ರ ಮಹಾಕ್ಷಾಮ, ಜನರ ಬಾಯಿಯಲ್ಲಿ ಧಾತು ಈಶ್ವರ ಬರ. ಮಲೆನಾಡಿಗಿಂತ ಬಯಲುಸೀಮೆಯ ಜಿಲ್ಲೆಗಳಿಗೆ ಅದರ ಪೆಟ್ಟು ಹೆಚ್ಚು ಬಿದ್ದಿತು, ತುಮಕೂರು ಆ ಪೈಕಿ ಒಂದು. ಮಳೆಯಿಲ್ಲದ ಮೇಲೆ ಕೆರೆಯ ಸರಣಿಯೂ ನೆರವಾಗದೆಂಬ ಪಾಠವನ್ನು ಆ ಬರವು ಕಲಿಸಿತು. ಮುಂದೆ ಮೈಸೂರು ಸರಕಾರವು ರೈಲುಮಾರ್ಗಗಳಿಗೂ ನೀರಾವರಿಗೂ ಹೆಚ್ಚು ಗಮನಕೊಡಲು ಇದೊಂದು ಕಾರಣ. ಸಂಸ್ಥಾನದ ಕಾಲದಲ್ಲಿಯೇ ಶಿಂಷೆಗೆ ಅಡ್ಡಲಾಗಿ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟೆಯು, ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾನಾಗಿಯೇ ಹೊರಚೆಲ್ಲುವ ಸೈಫನ್ ವ್ಯವಸ್ಥೆಯಿಂದ ಎಂಜಿನಿಯರುಗಳ ಗಮನವನ್ನು ಸೆಳೆದುದು.

ತುಮಕೂರು ಜಿಲ್ಲೆಯ ಜನಸಂಖ್ಯೆಯು ೧೯೦೧ರಲ್ಲಿ ೬,೭೯,೧೬೨. ೨೦೧೧ರಲ್ಲಿ ೨೬,೭೮,೯೮೦. ಒಂದುನೂರಹತ್ತು ವರ್ಷಗಳಲ್ಲಿ ಸುಮಾರು ನಾಲ್ಕುಪಟ್ಟು ಬೆಳವಣಿಗೆಯಾಯಿತೆಂದು ಇದರಿಂದ ತೋರುತ್ತದೆ. ಆದರೆ ಈ ಮೊತ್ತವನ್ನಷ್ಟೇ ನೋಡಿ ತೃಪ್ತರಾದರೆ ಮುಖ್ಯವಾದ ಸಂಗತಿಯೊಂದು ಕಣ್ತಪ್ಪುತ್ತದೆ. ೨೦೦೧ರಲ್ಲಿ ಜಿಲ್ಲೆಯ ಜನಸಂಖ್ಯೆಯು ೨೫,೮೪,೭೧೧ ಇದ್ದಿತು. ಆಮೇಲಿನ ಹತ್ತು ವರ್ಷಗಳಲ್ಲಿ ಆದ ಹೆಚ್ಚಳವು ಶೇಕಡಾ ನಾಲ್ಕಕ್ಕೂ ಕಡಮೆ. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕ ರಾಜ್ಯದ ಹೆಚ್ಚಳ ಶೇಕಡಾ ೧೫.೬. ಬೆಂಗಳೂರು ನಗರ ಜಿಲ್ಲೆಯ ಹೆಚ್ಚಳ ಶೇಕಡಾ ೪೭. ಹೊಲದ ಬದುವಿನ ಆಚೆ ಈಚೆ ಇರುವಂತೆ ಹತ್ತಿರಹತ್ತಿರದ ಎರಡು ಪ್ರದೇಶಗಳಲ್ಲಿ ಒಂದು ಉಕ್ಕುತ್ತಿರುವಾಗ ಇನ್ನೊಂದು ನಿಂತಲ್ಲೇ ನಿಂತಿದೆ.

ಇದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮೊದಲನೆಯದು, ಕುಟುಂಬಗಳು ಚಿಕ್ಕವಾದುದು. ಇದು ರಾಜ್ಯಕ್ಕೆಲ್ಲ ಸಾಮಾನ್ಯವಾದ ಕಾರಣ. ಆದುದರಿಂದ ಜಿಲ್ಲೆಗೂ ರಾಜ್ಯಕ್ಕೂ ಇರುವ ಇಷ್ಟು ದೊಡ್ಡ ಅಂತರವನ್ನು ಅದೊಂದರಿಂದಲೇ ವಿವರಿಸಲಾಗದು. ಎರಡನೆಯದು ವಲಸೆ. ಓದಿದವರು ಉದ್ಯೋಗಕ್ಕಾಗಿಯೂ ಓದದವರು ಕೂಲಿಗಾಗಿಯೂ ಬೆಂಗಳೂರಿಗೆ ಹೋಗಿ ನೆಲೆಸಿದ್ದಾರೆ. ೨೦೧೧ರಲ್ಲಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ ೯೮೪ ಹೆಂಗಸರಿದ್ದರು. ರಾಜ್ಯದ ಪ್ರಮಾಣ ೯೭೩. ಗಂಡಸರ ವಲಸೆಯು ಈ ವ್ಯತ್ಯಾಸಕ್ಕೆ ಒಂದು ಕಾರಣವಾಗಿರಬಹುದಾದರೂ, ಈ ಒಂದು ಅಂಕಿಯ ಮೇಲೆ ಹೆಚ್ಚಿನ ಭಾರವನ್ನು ಹೊರಿಸಬಾರದೆಂದು ವಿದ್ಯಾರ್ಥಿಗಳನ್ನು ಎಚ್ಚರಿಸುತ್ತೇವೆ.

ಜಿಲ್ಲೆಯ ಜನರಲ್ಲಿ ಪಟ್ಟಣವಾಸಿಗಳು ಶೇಕಡಾ ೨೨ರಷ್ಟು ಮಾತ್ರ. ತುಮಕೂರು ನಗರವು ೩ ಲಕ್ಷದಷ್ಟು ಜನರಿಂದ ಕೂಡಿದ್ದರೆ ಕುಣಿಗಲ್ ಪಟ್ಟಣದಲ್ಲಿ ಸುಮಾರು ೩೪ ಸಾವಿರ, ಗುಬ್ಬಿಯಲ್ಲಿ ಸುಮಾರು ೧೮ ಸಾವಿರ ಜನರಿದ್ದರು. ಎಂದರೆ ಹಳ್ಳಿಯನ್ನು ಬಿಟ್ಟವರು ತಾಲ್ಲೂಕಿನ ಪಟ್ಟಣದಲ್ಲಿ ನಿಲ್ಲದೆ ನೇರವಾಗಿ ಮಹಾನಗರಕ್ಕೆ ಹೋಗಿದ್ದಾರೆ. ಇಂಥ ಸ್ಥಿತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಮಧ್ಯಭಾಗದ ಬಯಲಿನಲ್ಲಿ, ಗೋಧಿ ಬೆಳೆಯುವ ಅನೇಕ ಕೌಂಟಿಗಳ ಜನಸಂಖ್ಯೆಯು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ತುತ್ತತುದಿಯನ್ನು ಮುಟ್ಟಿ ಅಲ್ಲಿಂದ ಇಳಿಯುತ್ತ ಬಂದಿದೆ. ಅಲ್ಲಿ ಹೋದವರು ಹಿಂದಿರುಗುವುದು ಅಪೂರ್ವ. ನಮ್ಮಲ್ಲಿಯಾದರೋ ಹೋದವರ ಮನೆ, ಹೊಲ, ಕುಲದೇವತೆ, ವೃದ್ಧ ತಾಯಿತಂದೆಗಳು ಊರಿನಲ್ಲಿಯೇ ಇರುತ್ತಾರೆ. ಜಾತ್ರೆಗೆ, ಹಬ್ಬಕ್ಕೆ, ಮತ ಹಾಕುವುದಕ್ಕೆ ಅವರು ಬರುತ್ತಾರೆ. ಒಂದು ಸಂಸಾರವು ಎರಡು ಊರುಗಳಲ್ಲಿ ಬಾಳುತ್ತಿರುವಾಗ ಗಣತಿಯವರು ಅದನ್ನು ಒಂದೇ ಕಡೆ ಎಣಿಸಬೇಕಾಗುತ್ತದೆ. ಆದಕಾರಣ ಗಣತಿಯ ಅಂಕಿಯು ಸುಳ್ಳಲ್ಲದಿದ್ದರೂ ಪೂರ್ಣ ಸತ್ಯವೂ ಅಲ್ಲ. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಆ ವರ್ಷ ನಡೆಯದೆಹೋದುದರಿಂದ ಈ ಚಲನೆಯ ಮುಂದಿನ ಹೆಜ್ಜೆಯನ್ನು ಅಳೆಯುವ ಸಾಧನವೂ ಆಗ ನಮಗೆ ತಪ್ಪಿತು.

೫. ಹೊಸ ನೀರು, ಹಳೆಯ ಪ್ರಶ್ನೆ

ಶಿಂಷೆಯೊಂದನ್ನೇ ನಂಬಿದ್ದ ಈ ನಾಡಿಗೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೇಮಾವತಿಯ ನೀರು ಬಂದಿತು. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ಹೊರಡುವ ನಾಲೆಯ ತುಮಕೂರು ಶಾಖೆಯು ಗುಬ್ಬಿಯ ಕಡೆಯಿಂದ ಬಂದು ಕೆರೆಗಳನ್ನು ತುಂಬುತ್ತದೆ. ಕುಣಿಗಲ್ ಇರುವುದು ನಾಲೆಯ ಬಾಲದಲ್ಲಿ. ಬಾಲದವರಿಗೆ ನೀರು ಮುಟ್ಟುವುದಿಲ್ಲವೆಂಬ ದೂರು ನಾಲೆಯಿರುವ ಕಡೆಯಲ್ಲೆಲ್ಲ ಕೇಳಿಬರುವಂಥದು. ಅದಕ್ಕೆ ಪರಿಹಾರವಾಗಿ, ಗುಬ್ಬಿ ತಾಲ್ಲೂಕಿನಲ್ಲಿಯೇ ನಾಲೆಯಿಂದ ನೀರನ್ನು ತೆಗೆದು ಕುಣಿಗಲಿಗೂ ಅದರಾಚೆಯ ಮಾಗಡಿಯ ಕಡೆಗೂ ನೇರವಾಗಿ ಒಯ್ಯುವ ‘ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್’ ಯೋಜನೆಯನ್ನು ಸರಕಾರವು ಕೈಗೊಂಡಿತು. ಅದರ ಮೇಲೆ ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಗುಬ್ಬಿ ಮತ್ತು ತುಮಕೂರಿನ ಭಾಗಗಳಲ್ಲಿ ತೀವ್ರವಾದ ಪ್ರತಿಭಟನೆಗಳು ನಡೆದುವು. ತಮ್ಮ ಪಾಲಿಗೆ ಬರಬೇಕಾದ ನೀರು ಕೈಬಿಟ್ಟುಹೋಗುವುದೆಂಬುದು ಗುಬ್ಬಿಯ ಕಡೆಯವರ ಭಯ. ತಮ್ಮ ಪಾಲೆಂದು ಕಾಗದದಲ್ಲಿರುವ ನೀರು ಕೆರೆಗೆ ಬರಲಿಲ್ಲವೆಂಬುದು ಕುಣಿಗಲಿನವರ ಅಳಲು.

ಇವರಲ್ಲಿ ಯಾರು ಸರಿಯೆಂದು ತೀರ್ಮಾನಿಸುವುದು ಇತಿಹಾಸದ ಅಧ್ಯಾಪಕರ ಕೆಲಸವಲ್ಲ. ಆದರೆ ಇದು ಹೊಸ ಜಗಳವಲ್ಲ, ಮೇಲಿನ ಕೆರೆಗೂ ಕೆಳಗಿನ ಕೆರೆಗೂ ಇದ್ದ ಹಳೆಯ ಪ್ರಶ್ನೆಯೇ ಎಂಬುದನ್ನು ತೋರಿಸುವುದು ನಮ್ಮ ಕೆಲಸ. ಹಿಂದೆ ಕೋಡಿಯ ಎತ್ತರವನ್ನು ಎರಡೂ ಊರಿನವರು ಕಣ್ಣಾರೆ ನೋಡಬಹುದಾಗಿತ್ತು. ನೀರುಗಂಟಿಯು ಯಾರಿಗೆ ಎಷ್ಟು ಬಿಟ್ಟನೆಂಬುದು ಎಲ್ಲರಿಗೂ ತಿಳಿಯುತ್ತಿದ್ದಿತು. ಇಂದು ನೀರಿನ ಲೆಕ್ಕವು ದೂರದ ಕಚೇರಿಯ ಕಡತದಲ್ಲಿದೆ. ಲೆಕ್ಕವು ಕಣ್ಣಿಗೆ ಕಾಣದ ಕಡೆ ಸಂಶಯವು ಬೆಳೆಯುವುದು ಸಹಜ.

ನೀರಿನಂತೆಯೇ ನೆಲದ ಹಂಚಿಕೆಯೂ ಬದಲಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೬೧೫ ಎಕರೆ ನೆಲದ ಮೇಲೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ೨೦೧೬ರ ಜನವರಿಯಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು, ೨೦೨೩ರ ಫೆಬ್ರವರಿಯಲ್ಲಿ ಅದು ಉದ್ಘಾಟನೆಯಾಯಿತು. ದನಗಳ ಹುಲ್ಲುಗಾವಲೆಂಬ ಅರ್ಥವನ್ನು ಹೆಸರಿನಲ್ಲಿ ಹೊತ್ತಿರುವ ನೆಲವು ಇಂದು ಹೆಲಿಕಾಪ್ಟರುಗಳ ಕಾರ್ಖಾನೆಗೆ ನೆಲೆಯಾಗಿದೆ. ಇಂಥ ಕಾರ್ಖಾನೆಯು ಸುತ್ತಣ ಹಳ್ಳಿಗಳ ತರುಣರನ್ನು ಊರಿನಲ್ಲಿಯೇ ನಿಲ್ಲಿಸಬಲ್ಲುದೋ, ಅಥವಾ ಹೊರಗಿನ ನಿಪುಣರನ್ನು ಕರೆತಂದು ಊರವರನ್ನು ಕಾವಲುಗಾರರನ್ನಾಗಿ ಮಾತ್ರ ಇಟ್ಟುಕೊಳ್ಳುವುದೋ ಎಂಬುದನ್ನು ಮುಂದಿನ ಗಣತಿಗಳು ಹೇಳಬೇಕು.

ಈ ಸಮೀಕ್ಷೆಯಿಂದ ನಾವು ಮುಟ್ಟಿರುವ ನಿರ್ಣಯ ಇಷ್ಟು. ಈ ನಾಡಿನಲ್ಲಿ ಜನರು ನೆಲೆಸಿದುದು ನೀರು ನಿಂತ ಕಡೆ. ನೀರಿನ ಹಂಚಿಕೆಯಲ್ಲಿ ನಂಬಿಕೆಯಿದ್ದಷ್ಟು ಕಾಲ ಅವರು ಅಲ್ಲಿ ಉಳಿದರು. ಮಹಾಕ್ಷಾಮದಲ್ಲಿ ಸಾವು ಅವರ ಸಂಖ್ಯೆಯನ್ನು ಕುಗ್ಗಿಸಿತು. ಇಂದು ಅದನ್ನು ತಡೆದು ನಿಲ್ಲಿಸಿರುವುದು ಹೆದ್ದಾರಿ. ಸಾವಿನಷ್ಟು ಕ್ರೂರವಲ್ಲದಿದ್ದರೂ ಇದು ಊರಿಗೆ ನಷ್ಟವೇ. ಏಕೆಂದರೆ ಕೆರೆಯ ಏರಿಗೆ ಮಣ್ಣು ಹಾಕುವ, ಕಾಲುವೆಯ ಹೂಳು ತೆಗೆಯುವ ಕೈಗಳೇ ಊರಿನಲ್ಲಿ ಕಡಮೆಯಾಗಿವೆ. ನೀರು ಬಂದರೂ ಅದನ್ನು ಕಾಯುವವರು ಬೇಕಷ್ಟೆ.

ಕೊನೆಯಲ್ಲಿ ನಮ್ಮ ಸಹೋದ್ಯೋಗಿಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ಪ್ರಾರ್ಥನೆ. ಜಿಲ್ಲೆಯ ಮೊತ್ತಗಳಿಂದ ಹಳ್ಳಿಯ ಬಾಳು ತಿಳಿಯುವುದಿಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇವೇ ಹಳ್ಳಿಗಳಿಂದ ಬಂದವರು. ಪ್ರತಿಯೊಬ್ಬನೂ, ಪ್ರತಿಯೊಬ್ಬಳೂ ರಜೆಗೆ ಊರಿಗೆ ಹೋದಾಗ ಮೂರು ಸಂಗತಿಗಳನ್ನು ಬರೆದುಕೊಂಡು ಬರಲಿ: ಊರಿನ ಕೆರೆಯ ಹೆಸರು ಮತ್ತು ಅದರ ಕೋಡಿಯ ನೀರು ಹೋಗುವ ಮುಂದಿನ ಕೆರೆ; ಊರಿನಲ್ಲಿ ಬೀಗ ಹಾಕಿರುವ ಮನೆಗಳ ಸಂಖ್ಯೆ; ಆ ಮನೆಯವರು ಹೋಗಿರುವ ಸ್ಥಳ. ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕು. ಕಡಬದ ತಾಮ್ರಪಟವನ್ನು ಬರೆಯಿಸಿದವರು ಒಂದು ಊರಿನ ದಾನವನ್ನು ದಾಖಲಿಸಿದುದರಿಂದ ಸಾವಿರದ ಇನ್ನೂರು ವರ್ಷಗಳ ಬಳಿಕ ಕುಣಿಗಲಿನ ಹಳೆಯ ಹೆಸರು ನಮಗೆ ತಿಳಿಯಿತು. ನಮ್ಮ ಕಾಲದ ಊರುಗಳ ಸಂಗತಿಯನ್ನು ಬರೆದಿಡುವ ಹೊಣೆ ನಮ್ಮದು.